ಎತ್ತರದ ಲೆಕ್ಕ

ಪ್ರವಾಸದ ಸುಖದಲ್ಲಿ ಅರ್ಧಪಾಲು ಮನೆಯಲ್ಲಿ ಕುಳಿತೇ ಅನುಭವಿಸತಕ್ಕದ್ದು. ಭೂಪಟವನ್ನು ಚಾಪೆಯ ಮೇಲೆ ಹರಡಿ, ತೋರುಬೆರಳಿನಿಂದ ನದಿಗಳನ್ನು ದಾಟಿ, ಬೆಟ್ಟಗಳನ್ನೇರಿ, ಸಂಜೆಯ ಕಾಫಿ ಆರುವುದರೊಳಗೆ ನೂರಾರು ಮೈಲಿ ಸುತ್ತಿ ಬರುವವನಿಗೆ ಬೆವರಿನ ಹಂಗಿಲ್ಲ, ಕಾಲುನೋವಿನ ಕಾಟವಿಲ್ಲ. ರೈಲಿನಲ್ಲಿ ಹೋಗುವವನ ಸಿದ್ಧತೆ ಟಿಕೆಟ್ಟು ದೊರೆತೊಡನೆ ಮುಗಿಯುತ್ತದೆ. ಉಳಿದುದನ್ನು ಎಂಜಿನ್ನು ನೋಡಿಕೊಳ್ಳುತ್ತದೆ. ಆದರೆ ಸೈಕಲ್ಲಿನ ಮೇಲೆ ಪರ್ವತಪ್ರಾಂತ್ಯಕ್ಕೆ ಹೊರಡುವವನ ಸಂಗತಿ ಬೇರೆ. ಅವನ ತೊಡೆಗಳೇ ಎಂಜಿನ್ನು, ಎದೆಗೂಡೇ ಅದರ ಉಗಿಪೆಟ್ಟಿಗೆ. ಬೆರಳು ಕ್ಷಣದಲ್ಲಿ ದಾಟಿದ ಗೆರೆಯನ್ನು ಕಾಲು ಎರಡು ದಿನ ದಾಟಬೇಕಾಗುತ್ತದೆ. ಬೆರಳಿಗೂ ಕಾಲಿಗೂ ಇರುವ ಈ ಅಂತರವನ್ನು ಮೊದಲೇ ಅಳೆದುಕೊಳ್ಳುವ ಕೆಲಸಕ್ಕೇ ಯೋಜನೆಯೆಂದು ಹೆಸರು.

ಐರ್ಲೆಂಡಿನ ಲಿಸ್ಮೋರ್ ಎಂಬ ಊರಿನ ಬಾಲಕಿಯೊಬ್ಬಳಿಗೆ 1941ರಲ್ಲಿ, ಹತ್ತನೆಯ ಹುಟ್ಟುಹಬ್ಬದಂದು, ಒಂದು ಸೈಕಲ್ಲೂ ಒಂದು ಭೂಪಟದ ಪುಸ್ತಕವೂ ಉಡುಗೊರೆಯಾಗಿ ಬಂದವು. ಕೆಲವು ದಿನಗಳ ಮೇಲೆ ಊರಿನ ಬಳಿಯ ದಿಣ್ಣೆಯನ್ನೇರುತ್ತಿದ್ದಾಗ ತನ್ನ ಕಾಲುಗಳು ಪೆಡಲನ್ನು ತುಳಿಯುವುದನ್ನು ನೋಡಿದ ಆಕೆಗೆ, ಹೀಗೆಯೇ ತುಳಿಯುತ್ತ ಹೋದರೆ ಒಂದು ದಿನ ಭಾರತವನ್ನು ಮುಟ್ಟಬಹುದಲ್ಲವೆ ಎನಿಸಿತಂತೆ. ಆ ಬಾಲಕಿಯೇ ಮುಂದೆ ಪ್ರವಾಸ ಸಾಹಿತ್ಯದಲ್ಲಿ ಹೆಸರಾದ ಡೆರ್ವ್ಲಾ ಮರ್ಫಿ. ಕಾಯಿಲೆಯ ತಾಯಿಯ ಶುಶ್ರೂಷೆಯಲ್ಲಿ ವರ್ಷಗಳು ಕಳೆದವು. ತಾಯಿ ತೀರಿಕೊಂಡ ಮೇಲೆ, 1963ರ ಜನವರಿಯಲ್ಲಿ, ಯೂರೋಪು ಹಿಮದಡಿಯಲ್ಲಿ ಹೂತುಹೋಗಿದ್ದ ಕಾಲದಲ್ಲಿ, ಆಕೆ ಒಬ್ಬಳೇ ಹೊರಟು ಅದೇ ಜುಲೈ ತಿಂಗಳಲ್ಲಿ ದೆಹಲಿಯನ್ನು ಸೇರಿದರು. ಇದನ್ನು ಕೇಳಿದವರು ಆಕೆಯ ಧೈರ್ಯವನ್ನು ಹೊಗಳುತ್ತಾರೆ. ಹೊಗಳತಕ್ಕದ್ದೇ. ಆದರೆ ಹೊರಡುವುದಕ್ಕೆ ಮೊದಲು ಆಕೆ ದಾರಿಯ ಊರುಗಳಿಗೆ ಬಿಡಿ ಟೈರುಗಳನ್ನು ಕಳುಹಿಸಿದ್ದುದು, ಏಷ್ಯದ ಒರಟು ರಸ್ತೆಗಳಲ್ಲಿ ನಾಜೂಕಿನ ಗೇರು ಬಾಳದೆಂದು ಅದನ್ನು ಬಿಚ್ಚಿಸಿಬಿಟ್ಟುದು, ಇವುಗಳ ಕಡೆಗೆ ಅಷ್ಟಾಗಿ ಯಾರ ಗಮನವೂ ಹೋಗುವುದಿಲ್ಲ. ಇಪ್ಪತ್ತೊಂದು ವರ್ಷಗಳ ಕನಸಿನ ಹಿಂದೆ ಟೈರಿನ ಲೆಕ್ಕವೂ ಇತ್ತು.

ಆಕೆ ಬಿಚ್ಚಿಸಿದ ಗೇರು ಈಗ ಬೇರೆಯೇ ರೂಪದಲ್ಲಿ ಬಂದಿದೆ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕೆಲವು ತರುಣರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಬೆಟ್ಟದ ಮೇಲಕ್ಕೆ ಒಯ್ದು, ಕಚ್ಚಾದಾರಿಯಲ್ಲಿ ಕೆಳಕ್ಕೆ ಓಡಿಸುವ ಹುಚ್ಚು ಹಚ್ಚಿಕೊಂಡಿದ್ದರು. ಒಂದು ಇಳಿಜಾರಿನಲ್ಲಿ ಬ್ರೇಕು ಎಷ್ಟು ಕಾಯುತ್ತಿತ್ತೆಂದರೆ, ಹಿಂಚಕ್ರದ ನಡುವಿನ ಗ್ರೀಸು ಸುಟ್ಟು ಹೊಗೆಯಾಗಿ, ಮುಂದಿನ ಸರದಿಗೆ ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಅದಕ್ಕೇ ಆ ದಾರಿಗೆ ‘ಮತ್ತೆ ತುಂಬು’ ಎಂಬರ್ಥದ ರೀಪ್ಯಾಕ್ ಎಂಬ ಹೆಸರು ಬಿತ್ತು. 1976ರಲ್ಲಿ ಅಲ್ಲಿ ಮೊದಲ ಪಂದ್ಯ ನಡೆಯಿತು. ಆ ಹುಚ್ಚಿನಿಂದಲೇ ಮೌಂಟನ್ ಬೈಕ್ ಹುಟ್ಟಿತು. ಕನ್ನಡದಲ್ಲಿ ಬೈಕೆಂದೊಡನೆ ಪೆಟ್ರೋಲಿನ ವಾಸನೆ ಬರುವುದರಿಂದ ಇದನ್ನು ಪರ್ವತ ಸೈಕಲ್ ಎನ್ನುವುದೇ ಮೇಲು. ಊರಿನ ಸಾಧಾರಣ ಸೈಕಲ್ಲು ಪೆಡಲಿನ ಒಂದು ಸುತ್ತಿಗೆ ಐದು ಮೀಟರಿನಷ್ಟು ಮುಂದೆ ಹೋಗುತ್ತದೆ. ಪರ್ವತ ಸೈಕಲ್ಲಿನ ಮುಂದಣ ಚಕ್ರಕ್ಕೆ 22 ಹಲ್ಲು, ಹಿಂದಣದಕ್ಕೆ 34 ಹಲ್ಲು ಇರುವಂತೆ ಗೇರು ಬದಲಿಸಿದರೆ, ಅದೇ ಒಂದು ಸುತ್ತಿಗೆ ಒಂದೂಕಾಲು ಮೀಟರಿಗಿಂತ ತುಸು ಹೆಚ್ಚು ಮಾತ್ರ ಸಾಗುತ್ತದೆ. ನಡಿಗೆಗಿಂತ ಹೆಚ್ಚಿನ ವೇಗವಲ್ಲ. ಆದರೆ ಕಡಿದಾದ ಏರಿನಲ್ಲಿ ಇಳಿದು ತಳ್ಳಬೇಕಾದ ಪ್ರಮೇಯವಿಲ್ಲ.

ಇಂಥ ಎರಡು ಸೈಕಲ್ಲುಗಳು ತೀರ್ಥಹಳ್ಳಿಯ ಒಂದು ಮನೆಯ ಜಗುಲಿಗೆ ಒರಗಿ ನಿಂತವು. ಒಂದು ಆ ಮನೆಯ ಮಗನದು. ಮತ್ತೊಂದು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ಅವನ ಗೆಳೆಯನದು. ಜೂನ್ ತಿಂಗಳಲ್ಲಿ ಹಿಮಾಚಲ ಪ್ರದೇಶದ ಮನಾಲಿಯಿಂದ ಹೊರಟು, ಹಿಮಾಲಯವನ್ನು ದಾಟಿ, ಲಡಾಖಿನ ಲೇಹ್ ಪಟ್ಟಣವನ್ನು ಆರು ದಿನಗಳಲ್ಲಿ ಸೇರುವುದೆಂದು ಇಬ್ಬರೂ ನಿಶ್ಚಯಿಸಿದ್ದರು. ದೂರ ಸುಮಾರು 470 ಕಿಲೋಮೀಟರು. ದಿನಕ್ಕೆ 80ರಂತೆ ಭಾಗಿಸಿದರೆ ಆರು ದಿನ. ಭಾಗಾಕಾರದಲ್ಲಿ ತಪ್ಪೇನೂ ಇರಲಿಲ್ಲ.

ಹುಡುಗನ ತಾಯಿಗೆ ಈ ಲೆಕ್ಕ ಒಪ್ಪಿಗೆಯಾಗಲಿಲ್ಲ. ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿದ್ದ ತಮ್ಮ ಅಣ್ಣನಿಗೆ ಆಕೆ ಹೇಳಿ ಕಳುಹಿಸಿದರು. “ಅಣ್ಣ, ನೀನಾದರೂ ಇವನಿಗೆ ಬುದ್ಧಿ ಹೇಳು. ಬೇಡವೆಂದರೆ ನನ್ನ ಮಾತು ಕೇಳುವುದಿಲ್ಲ.”

ರಾಯರು ಬಂದರು. ಬೇಡವೆನ್ನಲಿಲ್ಲ. ಬೇಡವೆನ್ನುವುದು ಸುಲಭ. ಅದರಿಂದ ಹುಡುಗರು ಹೋಗುವುದು ನಿಲ್ಲುವುದಿಲ್ಲ, ಹೇಳಿ ಹೋಗುವುದು ನಿಲ್ಲುತ್ತದೆ. ಅವರು ತಮ್ಮ ಚೀಲದಿಂದ ಎರಡು ಗ್ರಾಫ್ ಕಾಗದಗಳನ್ನು ತೆಗೆದು ಅಂಟಿಸಿ, “ದೂರವನ್ನು ಬರೆದಿದ್ದೀಯಲ್ಲ, ಎತ್ತರ ಎಲ್ಲಿದೆಯೋ?” ಎಂದು ಕೇಳಿದರು.

ಹತ್ತು ಕಿಲೋಮೀಟರಿಗೆ ಅಡ್ಡಲಾಗಿ ಒಂದು ಸೆಂಟಿಮೀಟರು, ಐದು ನೂರು ಮೀಟರಿಗೆ ಉದ್ದಕ್ಕೆ ಒಂದು ಸೆಂಟಿಮೀಟರು. ಈ ಅಳತೆಯಲ್ಲಿ ದಾರಿಯನ್ನು ಬರೆಯುತ್ತ ಹೋದಂತೆ ಕಾಗದದ ಮೇಲೆ ಗರಗಸದ ಹಲ್ಲುಗಳಂಥ ಗೆರೆಯೊಂದು ಮೂಡಿತು. ಮನಾಲಿಯ ಎತ್ತರ ಸಮುದ್ರಮಟ್ಟದಿಂದ ಸುಮಾರು 2,050 ಮೀಟರು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರು. ಎಂದರೆ ನಮ್ಮ ನಾಡಿನ ನೆತ್ತಿಗಿಂತ ಮೇಲಿನಿಂದ ಈ ಪ್ರಯಾಣ ಆರಂಭವಾಗುತ್ತದೆ. ಅಲ್ಲಿಂದ ಮೊದಲು 3,978 ಮೀಟರಿನ ರೋಹ್ತಾಂಗ್. ಬೆಟ್ಟಸಾಲನ್ನು ದಾಟುವ ಇಂಥ ಎತ್ತರದ ಹಾದಿಗಳನ್ನು ಆ ಸೀಮೆಯವರು ‘ಲಾ’ ಎನ್ನುತ್ತಾರೆ. ರೋಹ್ತಾಂಗಿನ ಕೆಳಗೆ 2020ರ ಅಕ್ಟೋಬರಿನಲ್ಲಿ ಒಂಬತ್ತು ಕಿಲೋಮೀಟರು ಉದ್ದದ ಅಟಲ್ ಸುರಂಗ ತೆರೆದು, ಮೋಟಾರುಗಳ ದಾರಿ 46 ಕಿಲೋಮೀಟರಿನಷ್ಟು ಕಡಿಮೆಯಾಯಿತು. ರಾಯರು ಮಾತ್ರ ಹಳೆಯ ಹಾದಿಯನ್ನೇ ಬರೆದರು. ಹಗಲು ಎತ್ತರಕ್ಕೆ ಹೋಗಿ ರಾತ್ರಿ ತಗ್ಗಿನಲ್ಲಿ ಮಲಗಿದರೆ ದೇಹ ಎತ್ತರವನ್ನು ಬೇಗ ಕಲಿಯುತ್ತದೆ. ಸುರಂಗ ಈ ಪಾಠವನ್ನು ಹೇಳಿಕೊಡುವುದಿಲ್ಲ.

ರೋಹ್ತಾಂಗನ್ನು ಇಳಿದರೆ ಚಂದ್ರಾ ನದಿಯ ದಂಡೆ. ತಾಂಡಿಯೆಂಬಲ್ಲಿ ಚಂದ್ರೆಗೆ ಭಾಗಾ ಕೂಡಿ ಚಂದ್ರಭಾಗೆಯಾಗುತ್ತದೆ. ಮುಂದೆ ಅದೇ ಚೀನಾಬ್. ಈ ಎರಡೂ ನದಿಗಳು ಹುಟ್ಟುವುದು ಬಾರಾಲಾಚಾ ಲಾ ಎಂಬ ಒಂದೇ ಎಡೆಯ ಆಸುಪಾಸಿನಲ್ಲಿ. ಚಂದ್ರನ ಮಗಳೂ ಸೂರ್ಯನ ಮಗನೂ ಅಲ್ಲಿಂದ ಎರಡು ದಿಕ್ಕಿಗೆ ಓಡಿ ತಾಂಡಿಯಲ್ಲಿ ಮದುವೆಯಾದರೆಂದು ಲಾಹುಲಿನ ಜನ ಕಥೆ ಹೇಳುತ್ತಾರೆ. ಕೆಲಾಂಗ್, ಜಿಸ್ಪಾ, ದಾರ್ಚಾಗಳನ್ನು ಹಾದು ಭಾಗಾ ನದಿಯನ್ನು ಎದುರುಹಿಡಿದು ಏರಿದರೆ ಸುಮಾರು 4,900 ಮೀಟರಿನ ಆ ಬಾರಾಲಾಚಾ. ಇಳಿದರೆ 4,290 ಮೀಟರಿನ ಸರ್ಚು. ಆಮೇಲೆ ಒಂದರ ಮೇಲೊಂದು ಇಪ್ಪತ್ತೊಂದು ತಿರುವುಗಳ ಗಾಟಾ ಏರು, ನಕೀ ಲಾ, 5,000 ಮೀಟರನ್ನು ಮೀರಿದ ಲಾಚುಲುಂಗ್ ಲಾ, ಪಾಂಗ್ ಎಂಬ ಡೇರೆಗಳ ತಂಗುದಾಣ, ಅದರಾಚೆ ಆಕಾಶಕ್ಕೆ ಅಟ್ಟ ಕಟ್ಟಿದಂತಿರುವ ಮೋರೆ ಬಯಲು. ಎಲ್ಲಕ್ಕೂ ಮೇಲೆ 5,328 ಮೀಟರಿನ ತಂಗ್ಲಾಂಗ್ ಲಾ. ಅದನ್ನು ದಾಟಿ ರುಮ್ತ್ಸೆ ಹಳ್ಳಿಗಿಳಿದು, ಉಪ್ಶಿಯಲ್ಲಿ ಸಿಂಧೂ ನದಿಯನ್ನು ಕಂಡರೆ ಲೇಹ್ ಇನ್ನು ಒಂದು ದಿನದ ದಾರಿಯೂ ಅಲ್ಲ.

“ಕಾಲಿಗೆ ಅಭ್ಯಾಸ ಮಾಡಿಸುತ್ತೇನೆ ಮಾವ. ದಿನವೂ ಆಗುಂಬೆ ಘಾಟಿ ಹತ್ತಿದರೆ ಸಾಲದೆ?” ಎಂದ ಅಳಿಯ.

“ಹತ್ತು. ಹದಿನಾಲ್ಕು ತಿರುವೂ ಹತ್ತು. ಕಾಲು ಗಟ್ಟಿಯಾಗುತ್ತದೆ. ಆದರೆ ಆಗುಂಬೆಯಲ್ಲಿ ನಿನ್ನ ರಕ್ತಕ್ಕೆ ಏನನ್ನೂ ಕಲಿಸುವುದಕ್ಕಾಗುವುದಿಲ್ಲ ಮಾರಾಯ.”

ಎತ್ತರಕ್ಕೆ ಹೋದಂತೆಲ್ಲ ಗಾಳಿಯ ಒತ್ತಡ ಕುಗ್ಗುತ್ತದೆ. ತಂಗ್ಲಾಂಗ್ ಲಾದಲ್ಲಿ ಅದು ಸಮುದ್ರತೀರದ ಒತ್ತಡದ ಹೆಚ್ಚುಕಡಿಮೆ ಅರ್ಧ. ಆದುದರಿಂದ ಒಂದೊಂದು ಉಸಿರಿನಲ್ಲಿಯೂ ದೊರೆಯುವ ಆಮ್ಲಜನಕ ಅರ್ಧವೇ. ಕೆಲವು ದಿನಗಳ ಅವಕಾಶ ಕೊಟ್ಟರೆ ದೇಹ ಆಳವಾಗಿ ಉಸಿರಾಡಲು, ರಕ್ತದಲ್ಲಿ ಕೆಂಪುಕಣಗಳನ್ನು ಹೆಚ್ಚಿಸಿಕೊಳ್ಳಲು ತೊಡಗುತ್ತದೆ. ಅವಸರಪಡಿಸಿದರೆ ತಲೆನೋವು, ವಾಕರಿಕೆ, ನಿದ್ರಾಹೀನತೆ, ಊಟ ಸೇರದಿರುವುದು ಆರಂಭವಾಗುತ್ತವೆ. ಇವುಗಳನ್ನು ಲೆಕ್ಕಿಸದೆ ಮೇಲೇರಿದವನ ಶ್ವಾಸಕೋಶದಲ್ಲಿ ನೀರು ಸೇರಬಹುದು, ಮಿದುಳು ಬಾತುಕೊಳ್ಳಬಹುದು. ಆಗ ಪ್ರಾಣವನ್ನುಳಿಸುವ ಉಪಾಯವೆಂದರೆ ತಡಮಾಡದೆ ಕೆಳಗಿಳಿಯುವುದು. ಗಟ್ಟಿಮುಟ್ಟಾದ ತರುಣರಿಗೆ ಇದರಿಂದ ವಿನಾಯಿತಿಯಿಲ್ಲ. ಬಲವುಳ್ಳವನು ಬೇಗ ಏರುತ್ತಾನಾದ್ದರಿಂದ ಅವನಿಗೆ ಅಪಾಯ ಬೇಗ ಎದುರಾಗುವುದೂ ಉಂಟು. ಮೂರು ಸಾವಿರ ಮೀಟರಿನಿಂದ ಮೇಲೆ, ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ಪೂರ್ಣ ದಿನ ವಿಶ್ರಮಿಸಬೇಕು ಎಂಬುದು ವೈದ್ಯರ ಎಚ್ಚರಿಕೆ. ಹಗಲು ಎಷ್ಟು ಹತ್ತಿದೆವೆಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದೆವೆಂಬುದು ಇಲ್ಲಿ ಮುಖ್ಯ.

ಹುಡುಗರ ಆರು ದಿನದ ಪಟ್ಟಿಯಲ್ಲಿ ಒಂದು ರಾತ್ರಿ ಜಿಸ್ಪಾ, ಮರುರಾತ್ರಿಯೇ ಸರ್ಚು. 3,200ರಿಂದ 4,290ಕ್ಕೆ ಒಂದೇ ನೆಗೆತ. ರಾಯರು ಅದರ ಸುತ್ತ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದರು. ಆಮೇಲೆ ಅಳಿಯನ ಕೈಗೆ ಪೆನ್ಸಿಲು ಕೊಟ್ಟು, “ಸರ್ಚುವಿನಲ್ಲಿ ರಾತ್ರಿ ನಿನ್ನ ಗೆಳೆಯನಿಗೆ ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ ಎಂದುಕೋ. ಅವನನ್ನು ಎಲ್ಲಿಗೆ ಇಳಿಸುತ್ತೀಯೆ? ಕಾಗದದ ಮೇಲೆ ತೋರಿಸು” ಎಂದರು.

ಅಳಿಯ ಪೆನ್ಸಿಲನ್ನು ಸರ್ಚುವಿನ ಮೇಲಿಟ್ಟ. ಎಡಕ್ಕೆ ಮನಾಲಿಯ ಕಡೆ ಸರಿಸಿದರೆ ಗೆರೆ ಬಾರಾಲಾಚಾಕ್ಕೆ ಏರುತ್ತಿತ್ತು. ಬಲಕ್ಕೆ ಲೇಹ್ ಕಡೆ ಸರಿಸಿದರೆ ನಕೀ ಲಾಕ್ಕೆ, ಅದರಾಚೆ ಲಾಚುಲುಂಗಿಗೆ ಏರುತ್ತಿತ್ತು. ಪಾಂಗಿನಿಂದ ನೋಡಿದರೂ ಅದೇ ಕಥೆ. ಸರ್ಚು ತಗ್ಗೆಂದು ಕಾಣುತ್ತಿದ್ದುದು ಅಕ್ಕಪಕ್ಕದ ಗೋಡೆಗಳು ಅಷ್ಟು ಎತ್ತರವಾಗಿದ್ದುದರಿಂದ. ಕೆಳಗಿಳಿಯಬೇಕಾದ ರೋಗಿಯನ್ನು ಮೊದಲು ಆರು ನೂರು ಮೀಟರು ಮೇಲಕ್ಕೆ ಒಯ್ಯದೆ ಇಳಿಸುವ ದಾರಿಯೇ ಅಲ್ಲಿಲ್ಲ. ಹುಡುಗ ಬಹಳ ಹೊತ್ತು ಮಾತನಾಡಲಿಲ್ಲ. ದೂರದ ಪಟ್ಟಿಯಲ್ಲಿ ಈ ಸಂಗತಿ ಎಷ್ಟು ಹುಡುಕಿದರೂ ಕಾಣುತ್ತಿರಲಿಲ್ಲ.

ಅಂದಿನಿಂದ ಯೋಜನೆಯ ಸ್ವರೂಪವೇ ಬದಲಾಯಿತು. ಹೊರಡುವ ಮುನ್ನ ಮನಾಲಿಯಲ್ಲಿ ಎರಡು ರಾತ್ರಿ. ಜಿಸ್ಪಾದಲ್ಲಿ ಎರಡು ರಾತ್ರಿ, ಅದರ ಮೇಲಿನ ಪತ್ಸಿಯೋದಲ್ಲಿ, ಸುಮಾರು 3,800 ಮೀಟರಿನಲ್ಲಿ, ಎರಡು ರಾತ್ರಿ. ಆಮೇಲೆ ಬಾರಾಲಾಚಾದ ಈಚೆಗಿರುವ ಝಿಂಗ್‌ಝಿಂಗ್‌ಬಾರ್‌ನಲ್ಲಿ ಒಂದು ರಾತ್ರಿ. ಅದರ ಎತ್ತರ ಸುಮಾರು 4,270 ಮೀಟರು, ಸರ್ಚುವಿನಷ್ಟೇ. ಆದರೆ ಒಂದು ದೊಡ್ಡ ಭೇದವಿದೆ. ಅಲ್ಲಿಂದ ಸೈಕಲ್ಲನ್ನು ಹಿಂದಕ್ಕೆ ತಿರುಗಿಸಿದರೆ ಜಿಸ್ಪಾದವರೆಗೆ ಬಹುತೇಕ ಇಳಿಜಾರು. ಆದುದರಿಂದ ಹಿಂದಿರುಗುವ ನಿರ್ಧಾರವೆಂಬುದಿದ್ದರೆ ಅದನ್ನು ಕೈಗೊಳ್ಳತಕ್ಕ ಜಾಗ ಅದು. ಬೆಳಿಗ್ಗೆ ಎದ್ದು ಒಬ್ಬರನ್ನೊಬ್ಬರು ನಾಲ್ಕು ಪ್ರಶ್ನೆ ಕೇಳಬೇಕೆಂದು ರಾಯರು ಬರೆಸಿದರು. ತಲೆನೋವು ಇದೆಯೆ? ರಾತ್ರಿಯ ಊಟ ಸೇರಿತೆ? ನಿದ್ರೆ ಬಂದಿತೆ? ನೆಲದ ಮೇಲಿನ ಗೆರೆಯಲ್ಲಿ ಹಿಮ್ಮಡಿಗೆ ಬೆರಳು ತಾಗಿಸಿ ತೂರಾಡದೆ ನಡೆಯಲಾಗುವುದೆ? ತನ್ನ ಸ್ಥಿತಿಗೆ ತಾನೇ ತೀರ್ಪು ಹೇಳಿಕೊಳ್ಳಬಾರದು. ಗೆಳೆಯನೇ ಹೇಳಬೇಕು. ಒಬ್ಬನಿಗೆ ಆಗದಿದ್ದರೆ ಇಬ್ಬರೂ ಇಳಿಯಬೇಕು.

“ನನಗೆ ಏನೂ ಆಗದಿದ್ದರೂ ನಾನು ಇಳಿಯಬೇಕೆ ಮಾವ?”

“ಆಗದವನು ಒಬ್ಬನೇ ಇಳಿಯಬಲ್ಲನೇನೋ?”

ವಿಶ್ರಾಂತಿಯ ದಿನಗಳನ್ನೂ ಸಣ್ಣ ಮಜಲುಗಳನ್ನೂ ಸೇರಿಸಿ ಆರು ದಿನ ಹದಿನಾಲ್ಕಾಯಿತು. ಗೆಳೆಯನಿಗೆ ದೊರೆಯುವ ರಜೆ ಹತ್ತೇ ದಿನ. ವಿಶ್ರಾಂತಿಯನ್ನು ಕಡಿಮೆ ಮಾಡೋಣವೆಂದು ಆತ ಸೂಚಿಸಿದಾಗ ರಾಯರು, ರಾತ್ರಿಗಳನ್ನು ಕತ್ತರಿಸುವುದು ಬೇಡ, ಬೇಕಾದರೆ ದಾರಿಯನ್ನೇ ಕತ್ತರಿಸಿ, ಬಾರಾಲಾಚಾವನ್ನು ಮುಟ್ಟಿ ಮನಾಲಿಗೆ ಮರಳಿಬಿಡಿ ಎಂದರು. ತರುಣರಿಗೆ ಅರ್ಧದ ಯಾತ್ರೆ ರುಚಿಸಲಿಲ್ಲ. ಕೊನೆಗೆ ಗೆಳೆಯ ರಜೆಯನ್ನು ಕೂಡಿಸಿಕೊಳ್ಳುವುದೆಂದೂ, ಪ್ರಯಾಣವನ್ನು ಜೂನಿನಿಂದ ಸೆಪ್ಟೆಂಬರ್ ಮೊದಲ ವಾರಕ್ಕೆ ಮುಂದೂಡುವುದೆಂದೂ ತೀರ್ಮಾನವಾಯಿತು. ಇದರಿಂದ ಒಳ್ಳೆಯದೇ ಆಯಿತು. ಜೂನ್ ಜುಲೈಗಳಲ್ಲಿ ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ ಹಳ್ಳಗಳು ರಸ್ತೆಯ ಮೇಲೆಯೇ ಉಕ್ಕಿ ಹರಿಯುತ್ತವೆ. ಮಳೆಗಾಲದಲ್ಲಿ ಮನಾಲಿಯ ಕಡೆ ಗುಡ್ಡ ಕುಸಿಯುತ್ತದೆ. ಸೆಪ್ಟೆಂಬರಿನಲ್ಲಿ ಆಕಾಶ ತಿಳಿಯಾಗುತ್ತದೆ, ಹಳ್ಳಗಳು ಇಳಿಯುತ್ತವೆ. ರಾತ್ರಿಯ ಚಳಿ ಮಾತ್ರ ನೀರನ್ನು ಹೆಪ್ಪುಗಟ್ಟಿಸುವಂಥದು. ತಿಂಗಳು ಕಳೆಯುತ್ತ ಬಂದರೆ ಸರ್ಚು, ಪಾಂಗ್‌ಗಳ ಡೇರೆ ಹೋಟೆಲುಗಳವರು ಗಂಟುಮೂಟೆ ಕಟ್ಟುತ್ತಾರೆ. ಆಮೇಲೆ ದಾರಿಯನ್ನು ಹಿಮ ಮುಚ್ಚುತ್ತದೆ.

ಈ ದಾರಿ ವರ್ಷವರ್ಷವೂ ತೆರೆದುಕೊಳ್ಳುವುದಾದರೂ ತಾನಾಗಿಯೇ ಅಲ್ಲ. 1960ರಲ್ಲಿ ಸ್ಥಾಪಿತವಾದ ಗಡಿ ರಸ್ತೆಗಳ ಸಂಸ್ಥೆ ಇದನ್ನು ಕಾಯ್ದುಕೊಂಡು ಬಂದಿದೆ. ಅದರ ಕೆಲಸಕ್ಕೆಂದು ಜಾರ್ಖಂಡಿನ ಬಯಲುಸೀಮೆಯಿಂದಲೂ ನೇಪಾಳದಿಂದಲೂ ಬಂದ ಕೂಲಿಕಾರರು, ಸವಾರರು ಒಂದೊಂದು ಉಸಿರನ್ನೂ ಎಣಿಸುವಂಥ ಎತ್ತರದಲ್ಲಿ ಇಡೀ ದಿನ ಕಲ್ಲು ಒಡೆಯುತ್ತಾರೆ, ಡಾಂಬರು ಕಾಯಿಸುತ್ತಾರೆ. ಮೋಟಾರಿನವನಿಗೆ ಅವರು ಧೂಳಿನಲ್ಲಿ ಕಂಡು ಮರೆಯಾಗುವ ಆಕೃತಿಗಳು. ಏರಿನಲ್ಲಿ ಆಮೆಯ ವೇಗದಿಂದ ಸಾಗುವ ಸೈಕಲ್ಲಿನವನಿಗೆ ಮಾತ್ರ ಅವರ ಮುಖ ಕಾಣುತ್ತದೆ, ಮಾತು ಕೇಳುತ್ತದೆ. ಪರ್ವತ ಸೈಕಲ್ಲಿನ ಪ್ರಯೋಜನಗಳಲ್ಲಿ ಇದನ್ನೂ ಎಣಿಸಬೇಕು.

ಸಾಮಾನಿನ ವಿಚಾರದಲ್ಲಿ ಸ್ವಲ್ಪ ಜಗಳವಾಯಿತು. ಮನಾಲಿ ಬಿಟ್ಟರೆ ಲೇಹ್‌ವರೆಗೆ ನಂಬತಕ್ಕ ಸೈಕಲ್ ಅಂಗಡಿಯಿಲ್ಲವಾದ್ದರಿಂದ ಟ್ಯೂಬು, ಪಂಪು, ಚೈನಿನ ಕೊಂಡಿ, ಕಡ್ಡಿಗಳು ಬೇಕೇಬೇಕು. ಬ್ರೇಕಿನ ಬಿಲ್ಲೆಗಳನ್ನು ಎರಡು ಜೊತೆ ಒಯ್ಯಬೇಕು, ಏಕೆಂದರೆ ಸಾವಿರ ಮೀಟರಿನ ಇಳಿತ ಅವುಗಳನ್ನು ಸಾಬೂನಿನಂತೆ ಸವೆಸುತ್ತದೆ. ದಿನಕ್ಕೆ ತಲೆಗೆ ನಾಲ್ಕು ಲೀಟರಾದರೂ ನೀರು ಬೇಕು. ಇವೆಲ್ಲ ನಿರ್ವಿವಾದ. ಅಕ್ಕಿಯ ಪೊಟ್ಟಣದ ಬಗ್ಗೆ ಮಾತ್ರ ತಕರಾರು ಬಂತು. ಐದು ಸಾವಿರ ಮೀಟರಿನಲ್ಲಿ ನೀರು ಸುಮಾರು 83 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು, ಬೇಳೆ ಬೇಯದು. ಕುಕ್ಕರನ್ನು ಒಯ್ಯಬೇಕೆಂದು ಗೆಳೆಯ, ಅದರ ಭಾರವನ್ನು ತಂಗ್ಲಾಂಗ್ ಲಾಕ್ಕೆ ಹೊರುವವರು ಯಾರೆಂದು ಅಳಿಯ. ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ತಾಯಿ, “ಅವಲಕ್ಕಿಗೆ ಎಷ್ಟು ಡಿಗ್ರಿ ಬೇಕೋ?” ಎಂದರು. ತಣ್ಣೀರಿನಲ್ಲಿ ನೆನೆದರೂ ಊಟವಾಗುವ ಅವಲಕ್ಕಿ, ಚಟ್ನಿಪುಡಿ, ಬೆಲ್ಲ, ಕಡಲೆಬೀಜ. ಭೌತಶಾಸ್ತ್ರದ ಸಮಸ್ಯೆ ಹೀಗೆ ಪರಿಹಾರವಾಯಿತು. ಯಾತ್ರೆಯೇ ಬೇಡವೆಂದಿದ್ದಾಕೆ ಅಂದಿನಿಂದ ಸಾಮಾನಿನ ಪಟ್ಟಿಯನ್ನು ತಾವೇ ಇಟ್ಟುಕೊಂಡರು.

ಆಗಸ್ಟಿನ ಕೊನೆಯಲ್ಲಿ ಸೈಕಲ್ಲುಗಳ ಚಕ್ರ, ಪೆಡಲುಗಳನ್ನು ಕಳಚಿ ರಟ್ಟಿನ ಪೆಟ್ಟಿಗೆಗಳಲ್ಲಿ ಕಟ್ಟಿದ್ದಾಯಿತು. ರಾಯರು ಗ್ರಾಫ್ ಕಾಗದವನ್ನು ಇನ್ನೊಮ್ಮೆ ಅಂದವಾಗಿ ಬರೆದು ಎರಡು ಪ್ರತಿ ಮಾಡಿದರು. ಒಂದು ಹುಡುಗರ ಚೀಲಕ್ಕೆ. ಇನ್ನೊಂದನ್ನು ತಂಗಿಯ ಮುಂದಿಟ್ಟು ಅವರು ಗೆರೆಯ ಮೇಲೆ ಬೆರಳಿಟ್ಟು ವಿವರಿಸಿದರು: “ಐದನೆಯ ದಿನ ಬೆಳಿಗ್ಗೆ ಇಲ್ಲಿಂದ, ಜಿಸ್ಪಾದಿಂದ, ಫೋನು ಮಾಡುತ್ತಾನೆ. ಆಮೇಲೆ ಮಾಡುವುದು ಹದಿನಾಲ್ಕನೆಯ ದಿನ, ಇಲ್ಲಿ. ನಡುವೆ ಒಂಬತ್ತು ದಿನ ಫೋನು ಸಿಕ್ಕೀತೆಂದು ನಂಬುವುದಕ್ಕಾಗುವುದಿಲ್ಲ. ಆ ಒಂಬತ್ತು ದಿನ ಸುದ್ದಿಯಿಲ್ಲವೆಂದರೆ ಕೆಟ್ಟ ಸುದ್ದಿಯೆಂದು ಲೆಕ್ಕವಲ್ಲ. ಮಧ್ಯೆ ಎಂದಾದರೂ ಮತ್ತೆ ಜಿಸ್ಪಾದಿಂದಲೇ ಫೋನು ಬಂದರೆ, ಹಿಂದಕ್ಕೆ ಇಳಿದಿದ್ದಾನೆಂದು ತಿಳಿದುಕೋ. ಯಾಕೆ ಇಳಿದೆ ಎಂದು ಕೇಳಬೇಡ.”

ತಾಯಿ ಕಾಗದವನ್ನು ಅಡಿಗೆಮನೆಯ ಪಂಚಾಂಗದ ಪಕ್ಕಕ್ಕೆ ಅಂಟಿಸಿದರು. ಪ್ರತಿದಿನ ಸಂಜೆ ಹುಡುಗರು ಮಲಗಬೇಕಾದ ಎತ್ತರದ ಮೇಲೆ ಒಂದು ಕುಂಕುಮದ ಬೊಟ್ಟಿಡುವುದೆಂದು ಆಕೆ ಮನಸ್ಸಿನಲ್ಲಿಯೇ ಗೊತ್ತುಮಾಡಿಕೊಂಡಿದ್ದರು.